ಕಣದಲ್ಲಿ ಪಾಲಿದ್ದ ಹುಡುಗರು

ರಾಗಿ ಒಕ್ಕಣೆ ಮುಗಿದು, ರಾಶಿಗೆ ಪೂಜೆಯಾಗಿ, ಚೀಲಗಳು ಗಾಡಿ ಏರಿದ ಮೇಲೂ ಕಣದಲ್ಲಿ ಒಂದಷ್ಟು ಕಾಳು ಉಳಿಯುತ್ತಿತ್ತು. ರಾಶಿಯ ಬುಡದಲ್ಲಿ ಮಣ್ಣು, ಹೊಟ್ಟು, ಸಾರಿಸಿದ ಸಗಣಿಯ ಚಕ್ಕೆ ಎಲ್ಲ ಬೆರೆತ ಕಾಳು. ಅದನ್ನು ಗುಡಿಸಿ, ಕೇರಿ, ಜರಡಿ ಹಿಡಿದರೆ ಒಂದು ಚಿಕ್ಕ ಸಂಸಾರಕ್ಕೆ ವಾರ ಹತ್ತು ದಿನದ ಮುದ್ದೆಗೆ ಸಾಕಾಗುವಷ್ಟು ಸಿಕ್ಕುತ್ತಿತ್ತು. ಈ ಕೆಲಸವನ್ನು ಮಾತ್ರ ನಮ್ಮ ಕಡೆಯ ರೈತರು ಮನೆಯವರಿಂದ ಮಾಡಿಸುತ್ತಿರಲಿಲ್ಲ. ಆ ವರ್ಷ ಊರಿನಲ್ಲಿ ಅಪ್ಪನನ್ನು ಕಳೆದುಕೊಂಡ ಹುಡುಗ ಯಾವನಿದ್ದಾನೋ ಅವನಿಗೆ ಹಿಂದಿನ ದಿನವೇ ಹೇಳಿಕಳಿಸುತ್ತಿದ್ದರು: "ನಾಳೆ ನಮ್ಮ ಕಣ ಗುಡಿಸೋಕೆ ಆಳಿಲ್ಲ ಕಣಪ್ಪ, ಒಂದು ಕೈ ಹಾಕು ಬಾ." ಆಳಿಗೇನೂ ಬರವಿರಲಿಲ್ಲ. ಹುಡುಗನಿಗೂ ಅದು ಗೊತ್ತಿರುತ್ತಿತ್ತು, ಅವನ ತಾಯಿಗೂ ಗೊತ್ತಿರುತ್ತಿತ್ತು. ಆದರೂ ಅವನು ಪೊರಕೆ ಹಿಡಿದು ಬರುತ್ತಿದ್ದ, ಬೆನ್ನು ಬಗ್ಗಿಸಿ ಗುಡಿಸುತ್ತಿದ್ದ, ಸಂಜೆ ಕಾಳಿನ ಗಂಟನ್ನು ಹೆಗಲ ಮೇಲೆ ಹೊತ್ತು ಊರ ನಡುವಿನ ದಾರಿಯಲ್ಲೇ ಮನೆಗೆ ಹೋಗುತ್ತಿದ್ದ. ಹಿತ್ತಲ ಬಾಗಿಲಿನಿಂದ ಬಂದ ಕಾಳಲ್ಲ ಅದು, ದುಡಿದು ತಂದದ್ದು.

ಒಂದು ಊರು ತನ್ನ ನೊಂದ ಮಕ್ಕಳನ್ನು ಹೇಗೆ ಕಾಯುತ್ತಿತ್ತು ಎಂದು ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ಈ ಜಾಣತನ. ಕೊಡುವುದು ಯಾವ ಕಾಲಕ್ಕೂ ಇದ್ದದ್ದೇ. ಕೊಟ್ಟದ್ದು ತಿಳಿಯದ ಹಾಗೆ, ತೆಗೆದುಕೊಂಡವನ ತಲೆ ತಗ್ಗದ ಹಾಗೆ ಕೊಡುವುದನ್ನು ಓದು ಬರಹ ಬಾರದ ಜನ ಎಲ್ಲಿಂದ ಕಲಿತಿದ್ದರೋ ಕಾಣೆ.

ನಮ್ಮ ಕುಡುಮಲಕುಂಟೆ ಗೌರಿಬಿದನೂರು ತಾಲ್ಲೂಕಿನ ಊರು. ಮಳೆಯನ್ನು ನಂಬಿದ ಸೀಮೆ. ಉತ್ತರ ಪಿನಾಕಿನಿ ಇದೇ ತಾಲ್ಲೂಕಿನಲ್ಲಿ ಹರಿದು ಆಂಧ್ರಕ್ಕೆ ಹೋಗುತ್ತದೆ ಎಂದು ಭೂಪಟ ಹೇಳುತ್ತದೆ. ನಮ್ಮ ತಲೆಮಾರಿನವರು ಆ ಹೊಳೆಯಲ್ಲಿ ನೀರಿಗಿಂತ ಮರಳನ್ನೇ ಹೆಚ್ಚು ಕಂಡವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಆಗ ನಮ್ಮದು ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ರಾಗಿ, ಕಡಲೆಕಾಯಿ, ಹುರುಳಿ, ಅವರೆ. ಒಂದು ವರ್ಷ ಮಳೆ ಕೈಕೊಟ್ಟರೆ ಇಡೀ ಊರು ಬಡವಾಗುತ್ತಿತ್ತು. ಹಾಗಾಗಿ ಬಡತನ ಯಾರಿಗೂ ಹೊಸದಲ್ಲ, ನಾಚಿಕೆಯದ್ದೂ ಅಲ್ಲ. ಬಡತನದ ಮೇಲೆ ಸಾವೊಂದು ಬಂದು ಕೂತಾಗ ಮಾತ್ರ ಊರು ಎಚ್ಚರವಾಗುತ್ತಿತ್ತು.

ನನ್ನ ವಾರಿಗೆಯ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ಅವನ ಅಪ್ಪ ಬಾವಿ ತೋಡುವ ಕೂಲಿ. ಬಂಡೆ ಬಂದ ಕಡೆ ಕುಳಿ ಹೊಡೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಇಟ್ಟು ಮೇಲೆ ಓಡಿಬರಬೇಕು. ಒಂದು ಮಧ್ಯಾಹ್ನ ಮದ್ದು ಹೊತ್ತಿಗೆ ಮುಂಚೆ ಸಿಡಿಯಿತು. ಹುಡುಗ ಅಪ್ಪನಿಗೆ ಬುತ್ತಿ ತಂದು ಬಾವಿಯ ದಡದಲ್ಲಿ ನಿಂತಿದ್ದ. ಆಮೇಲೆ ಅವನು ಮಾತು ನಿಲ್ಲಿಸಿದ. ಕರೆದರೆ ತಿರುಗಿ ನೋಡುತ್ತಿದ್ದ, ಕೊಟ್ಟರೆ ತಿನ್ನುತ್ತಿದ್ದ, ರಾತ್ರಿ ಬೆಚ್ಚಿಬಿದ್ದು ಕೂರುತ್ತಿದ್ದ, ಹತ್ತು ವರ್ಷ ದಾಟಿದವನು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಇದಕ್ಕೆಲ್ಲ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ ಎನ್ನುವುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಊರು ಅದನ್ನು "ಹುಡುಗ ಹೆದರ್ಕೊಂಡವ್ನೆ" ಎಂದಷ್ಟೇ ಕರೆಯಿತು. ತಾಯತ ಕಟ್ಟಿಸಿದರು, ದೃಷ್ಟಿ ತೆಗೆದರು. ಬಾಬಯ್ಯನ ಹಬ್ಬ ಬಂದಾಗ ಪಂಜಾದ ಮುಂದೆ ನಿಲ್ಲಿಸಿ ನವಿಲುಗರಿ ಆಡಿಸಿಕೊಂಡು ಬಂದರು. ಇವುಗಳಿಂದ ಏನಾಯಿತೋ ಗೊತ್ತಿಲ್ಲ. ಇವುಗಳ ಜೊತೆಗೆ, ಯಾರೂ ಯಾರಿಗೂ ಹೇಳದೆ ಊರಿನವರು ಮಾಡಿದ ಇನ್ನೊಂದಷ್ಟು ಕೆಲಸಗಳಿವೆ. ನಾನು ಹೇಳಬೇಕೆಂದಿರುವುದು ಅವನ್ನು.

ಅವನನ್ನು ನೀರಿಗೆ ಕಳಿಸುವುದನ್ನು ನಿಲ್ಲಿಸಿದರು. ಆಗ ಕುಡಿಯುವ ನೀರೆಂದರೆ ಬಾವಿಯೇ. ಅವರ ಮನೆಯ ಎರಡು ಕೊಡ ನೀರನ್ನು ಪಕ್ಕದ ಮನೆಯ ಹೆಣ್ಣುಮಕ್ಕಳು ತಮ್ಮ ಕೊಡಗಳ ಜೊತೆಗೆ ಸೇದಿ ತಂದು ಜಗುಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ದನ ಹೊಡೆದುಕೊಂಡು ಹೋಗುವ ನಾವೆಲ್ಲ ಬಾವಿ ಇರುವ ದಾರಿ ಬಿಟ್ಟು ಕುಂಟೆಯ ದಂಡೆಯ ಮೇಲಿನ ಸುತ್ತುದಾರಿ ಹಿಡಿಯಬೇಕೆಂದು ನಮಗೆ ಅಪ್ಪಣೆಯಾಯಿತು. ಏಕೆಂದು ಯಾರೂ ಬಿಡಿಸಿ ಹೇಳಲಿಲ್ಲ. ಗಂಡ ತೀರಿಕೊಂಡು ಒಂಟಿಯಾಗಿದ್ದ ಒಬ್ಬ ಅಜ್ಜಿ "ನಂಗೂ ಒಬ್ಬಳೇ ಮಲಗೋಕೆ ಭಯ ಕಣೇ" ಎಂದು ಅವನ ಅವ್ವನಿಗೆ ಹೇಳಿ ತನ್ನ ಕಂಬಳಿ ಎತ್ತಿಕೊಂಡು ಅವರ ಮನೆಗೇ ಮಲಗಲು ಬಂದಳು. ಆ ಅಜ್ಜಿ ಅಮಾವಾಸ್ಯೆ ರಾತ್ರಿ ಒಬ್ಬಳೇ ಹೊಲ ಕಾಯುತ್ತಿದ್ದವಳು. ರಾತ್ರಿ ಹುಡುಗ ಎದ್ದು ಕೂತರೆ ಅವಳೂ ಎದ್ದು ಕೂರುತ್ತಿದ್ದಳು. ಎಲೆ ಅಡಿಕೆ ಕುಟ್ಟುತ್ತಾ ಯಾವುದೋ ಕಾಲದ ಮದುವೆಯ ಕಥೆಯನ್ನೋ, ಯಾರದೋ ಎಮ್ಮೆ ಕಳೆದ ಕಥೆಯನ್ನೋ ತೆಲುಗಿನಲ್ಲಿ ಹೇಳುತ್ತಿದ್ದಳು. ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ. ಅವನು ನಿದ್ದೆ ಹೋಗುವವರೆಗೂ ಕುಟ್ಟಾಣಿಯ ಸದ್ದು ನಿಲ್ಲುತ್ತಿರಲಿಲ್ಲ.

ಇನ್ನು ಭಜನೆ ಮನೆ. ನಮ್ಮ ಸೀಮೆಯಲ್ಲಿ ಕೈವಾರ ತಾತಯ್ಯನವರ ತತ್ವಪದ ಹಾಡುವ ಭಜನೆ ಗುಂಪು ಇಲ್ಲದ ಊರು ಅಪರೂಪ. ಶನಿವಾರ ರಾತ್ರಿ ಹಾರ್ಮೋನಿಯಂ, ತಬಲ, ತಾಳ. ಗುಂಪಿನ ಹಿರಿಯರೊಬ್ಬರು ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಗೆ ಒಂದು ಜೊತೆ ತಾಳ ಕೊಟ್ಟರು. ಹಾಡು ಎನ್ನಲಿಲ್ಲ. ತಾಳ ತಪ್ಪಿದರೆ ಅವನ ಮೊಣಕೈಯನ್ನು ಮೆಲ್ಲಗೆ ಮುಟ್ಟುತ್ತಿದ್ದರು, ಅಷ್ಟೇ. ಹಾಡು ಮುಗಿದ ಮೇಲೆ ಹಂಚುವ ಕಡಲೆ ಪಪ್ಪಿನಲ್ಲಿ ತಾಳ ಹಾಕಿದವನಿಗೆ ಎರಡು ಪಾಲು ಎಂಬ ಕಟ್ಟಳೆಯೂ ಅದೇ ವಾರ ಹುಟ್ಟಿತು. ತಿಂಗಳುಗಳೇ ಹೋದವು. ಕೊನೆಗೆ ಅವನ ಬಾಯಿಂದ ಮೊದಲ ಮಾತು ಹೊರಟದ್ದು ಭಜನೆಯಲ್ಲಲ್ಲ, ಬೇಲಿ ನುಗ್ಗಿದ ಮೇಕೆಯನ್ನು ಬೈಯುವುದಕ್ಕೆ. ಊರೆಲ್ಲ ಆ ಬೈಗುಳವನ್ನು ಕೇಳಿಸಿಕೊಂಡಿತು, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅವನ ಅವ್ವ ಮಾತ್ರ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳಂತೆ.

ಆಮೇಲಿನ ಭಾರ ಮೇಷ್ಟ್ರದ್ದು. ಅಂದಿನ ಹಳ್ಳಿ ಮೇಷ್ಟ್ರ ಜಗುಲಿಯ ಬಗ್ಗೆ ಬರೆಯುತ್ತಾ ಕೂತರೆ ಮುಗಿಯುವುದಿಲ್ಲ. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಾಗ ಹುಡುಗರೆಲ್ಲ ಚಾಪೆ, ಹೊದಿಕೆ, ಬುಡ್ಡಿದೀಪ ತಂದು ಅಲ್ಲೇ ಓದಿ ಅಲ್ಲೇ ಮಲಗಬೇಕು. ಸೀಮೆಎಣ್ಣೆ ತರಲಾಗದವನು ಇನ್ನೊಬ್ಬನ ದೀಪದ ಆಚೆ ಮಗ್ಗುಲಲ್ಲಿ ಕೂತು ಓದಬಹುದು. ಹಾಗೆ ಕೂರುವವನ ಕೈಗೆ ಮೇಷ್ಟ್ರು ಗಂಟೆ ಹೊಡೆಯುವ ಅಧಿಕಾರ ಕೊಡುತ್ತಿದ್ದರು. ಪುಸ್ತಕಕ್ಕೆ ಕಾಸಿಲ್ಲದ ಹುಡುಗರಿಗೆ ಹಕ್ಕಲು ಇತ್ತು. ಕಡಲೆಕಾಯಿ ಕಿತ್ತ ಹೊಲದಲ್ಲಿ ಮಣ್ಣಿನೊಳಗೆ ಉಳಿದ ಕಾಯಿಗಳನ್ನು ಯಾರು ಬೇಕಾದರೂ ಆಯಬಹುದಿತ್ತು, ಹೊಲದೊಡೆಯ ಬೇಡವೆನ್ನುವಂತಿರಲಿಲ್ಲ. ಬೇಸಿಗೆಯಲ್ಲಿ ಹೊಂಗೆ ಬೀಜ, ಬೇವಿನ ಬೀಜ ಆಯ್ದು ಸೇರಿನ ಲೆಕ್ಕದಲ್ಲಿ ಅಂಗಡಿಗೆ ಹಾಕಿದರೆ ಜೂನ್ ತಿಂಗಳ ನೋಟ್ ಬುಕ್ಕಿಗೆ ಆಗುತ್ತಿತ್ತು. ಯಾವ ಮರದ ಕೆಳಗೆ ಯಾವ ಮನೆಯ ಮಕ್ಕಳು ಆಯಬೇಕು ಎನ್ನುವುದನ್ನು ಹೆಂಗಸರು ಗೊತ್ತುಮಾಡಿರುತ್ತಿದ್ದರು. ಹೆಚ್ಚು ಬೀಜ ಬೀಳುವ ಮರ ಹೆಚ್ಚು ಕಷ್ಟದ ಮನೆಗೆ.

ನಮ್ಮ ತಾಲ್ಲೂಕಿನಲ್ಲಿ ಇಂಥ ಒಂದು ಜಗುಲಿಯ ಕಥೆ ನಾಡಿನ ಚರಿತ್ರೆಯನ್ನೇ ಸೇರಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಹುಟ್ಟಿದ ಎಚ್. ನರಸಿಂಹಯ್ಯ ಕಡುಬಡವರ ಮನೆಯ ಹುಡುಗ. ಊರಿನ ಶಾಲೆಯ ಓದು ಮುಗಿದ ಮೇಲೆ ಮುಂದೆ ದಾರಿ ಕಾಣದೆ ನಿಂತಿದ್ದವನನ್ನು ಅವನಿಗೆ ಪಾಠ ಹೇಳಿದ್ದ ಮೇಷ್ಟ್ರು ಮರೆಯಲಿಲ್ಲ. ಅವರು ಆ ಹೊತ್ತಿಗೆ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದರು. ಅಲ್ಲಿಂದಲೇ ಹುಡುಗನನ್ನು ಕರೆಸಿಕೊಂಡರು. ಬಸ್ಸಿಗೆ ದುಡ್ಡಿಲ್ಲ. 1935ರಲ್ಲಿ ಆ ಹುಡುಗ ಹೊಸೂರಿನಿಂದ ಬೆಂಗಳೂರಿಗೆ ಸುಮಾರು 80 ಕಿಲೋಮೀಟರ್ ದಾರಿಯನ್ನು ಎರಡು ದಿನ ನಡೆದು ಹೋದ. ಮರುವರ್ಷವೇ, 1936ರಲ್ಲಿ, ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವನು ಇದೇ ಹುಡುಗ. 1942ರಲ್ಲಿ ಓದು ಬಿಟ್ಟು ಚಳವಳಿಗೆ ಧುಮುಕಿ ಜೈಲಿಗೆ ಹೋದ. ಮುಂದೆ ಭೌತಶಾಸ್ತ್ರದ ಅಧ್ಯಾಪಕ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಡಾಕ್ಟರೇಟು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರು, 1972ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಎಚ್ಚೆನ್ ಎಂದರೆ ಇಡೀ ಕರ್ನಾಟಕಕ್ಕೆ ಗೊತ್ತು.

ಎಚ್ಚೆನ್ ಅವರ ವೈಚಾರಿಕತೆಯ ಬಗ್ಗೆ, ಪವಾಡಗಳನ್ನು ಪ್ರಶ್ನಿಸಿದ ಧೈರ್ಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯದು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಬದುಕಿನ ಬಹುಪಾಲು ಕಾಲ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಹುಡುಗರ ನಡುವೆ ಇದ್ದುಬಿಟ್ಟರು. ಹಳ್ಳಿಯಿಂದ ಬಂದ ಹುಡುಗ ಊಟ ಬಿಟ್ಟರೆ, ಮಂಕಾಗಿ ಕೂತರೆ ಕಾಣುವಷ್ಟು ಹತ್ತಿರ. ನ್ಯಾಷನಲ್ ಸಂಸ್ಥೆಯ ಕಾಲೇಜುಗಳು ಗೌರಿಬಿದನೂರಿಗೂ ಬಾಗೇಪಲ್ಲಿಗೂ ಬಂದದ್ದು ಅವರಿಂದ. ತಾವು ನಡೆದ ದಾರಿಯನ್ನು ನಮ್ಮ ಕಡೆಯ ಇನ್ನೊಂದು ಮಗು ನಡೆಯಬೇಕಾಗದಿರಲಿ ಎಂದಲ್ಲದೆ ಮತ್ತೇಕೆ? 2005ರ ಜನವರಿ 31ರಂದು ಅವರು ತೀರಿಕೊಂಡಾಗ ನಮ್ಮ ತಾಲ್ಲೂಕಿನಲ್ಲಿ ಅತ್ತವರ ಪೈಕಿ ವಿಜ್ಞಾನ ಓದಿದವರು ಕಡಿಮೆ. ಅವರ ಕಾಲೇಜಿನ ದೆಸೆಯಿಂದ ಮಗನನ್ನೋ ಮಗಳನ್ನೋ ಓದಿಸಿದ ತಾಯಂದಿರು ಹೆಚ್ಚು.

ನೆರೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದೂ ಇದೇ ಜಾತಿಯ ಕಥೆ. ಎಳೆಯದರಲ್ಲೇ ತಂದೆ ಹೋದರು. ಚಿಕ್ಕಬಳ್ಳಾಪುರದ ಶಾಲೆ, ಆಮೇಲೆ ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಕೊಡಗಿನ ಅಧಿಕಾರಿಯೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಅದಕ್ಕೆ ಬದಲಾಗಿ ಊಟ ವಸತಿ. ಹೀಗೆ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದವರು ಅವರು. ಅಲ್ಲೂ ಅನ್ನ ದಾನವಾಗಿ ಬರಲಿಲ್ಲ, ಪಾಠ ಹೇಳಿದ್ದಕ್ಕೆ ಬಂತು.

ಇಷ್ಟು ಹೇಳಿ ಸುಮ್ಮನಾದರೆ ಸುಳ್ಳು ಹೇಳಿದಂತಾಗುತ್ತದೆ. ಊರಿನ ಕಣ್ಣಿಗೆ ಕಾಣದ ಮಕ್ಕಳೂ ಇದ್ದರು. ಪಟ್ಟಣಗಳ ವಾರಾನ್ನ ಎಷ್ಟೋ ಬಡ ಹುಡುಗರನ್ನು ಓದಿಸಿತು, ನಿಜ. ಆದರೆ ಆ ಪಂಕ್ತಿಯಲ್ಲಿ ಕೂರುವುದಕ್ಕೆ ಹಸಿವೊಂದೇ ಸಾಕಾಗುತ್ತಿರಲಿಲ್ಲ, ಜಾತಿಯೂ ಬೇಕಿತ್ತು. ನಾನು ಹೊಗಳಿದ ಭಜನೆ ಮನೆಯಲ್ಲೂ ದಲಿತ ಕೇರಿಯ ಹುಡುಗ ಮೆಟ್ಟಿಲ ಕೆಳಗೆ ನಿಂತು ಕೇಳಬೇಕಿತ್ತು. ಕಣ ಗುಡಿಸಲು ಅವನನ್ನೂ ಕರೆಯುತ್ತಿದ್ದರು, ಆದರೆ ಅವನ ಅಪ್ಪ ಸತ್ತಾಗ ಸಾಲದ ಲೆಕ್ಕ ಅವನ ತಲೆಗೆ ಬಂದು ಅದೇ ಕಣದೊಡೆಯನ ಮನೆಯಲ್ಲಿ ಜೀತಕ್ಕೆ ನಿಲ್ಲುತ್ತಿದ್ದದ್ದೂ ಉಂಟು. ಜೀತವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ರೇಷ್ಮೆಗೆ ಹೆಸರಾದ ನಮ್ಮ ಸೀಮೆಯಲ್ಲಿ ನೂಲು ಬಿಚ್ಚುವ ಮನೆಗಳ ಕುದಿನೀರಿನಲ್ಲಿ ಕೈ ಬೊಕ್ಕೆ ಎದ್ದ ಮಕ್ಕಳು ಆಮೇಲೂ ಇದ್ದರು. ಮುಂಗಡದ ಸಾಲಕ್ಕೆ ರೇಷ್ಮೆ ಕಸುಬಿನಲ್ಲಿ ಸಿಕ್ಕಿಕೊಂಡ ಮಕ್ಕಳ ಮೇಲೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಕೂಡ ಒಂದು ಇಡೀ ವರದಿ ಬರೆಯಬೇಕಾಯಿತು. ಹೆಣ್ಣುಮಕ್ಕಳ ನೋವಂತೂ ಮದುವೆಯೊಳಗೆ ಮುಚ್ಚಿಹೋಗುತ್ತಿತ್ತು. ಅಪ್ಪನಿಲ್ಲದ ಹುಡುಗನನ್ನು ಓದಿಸಬೇಕೆಂದು ಊರಿಗೆ ತೋರುತ್ತಿತ್ತು, ಅಪ್ಪನಿಲ್ಲದ ಹುಡುಗಿಯನ್ನು ಬೇಗ ದಾಟಿಸಬೇಕೆಂದು ತೋರುತ್ತಿತ್ತು. ದಲಿತ ಮಕ್ಕಳಿಗೆ ನೆರಳಾದದ್ದು ಊರಲ್ಲ, ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ಹಾಸ್ಟೆಲಿನಂಥ ತಾಣಗಳು. ಕವಿ ಸಿದ್ಧಲಿಂಗಯ್ಯನವರು ಬೆಳೆದದ್ದು ಅಲ್ಲಿ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದವರಿಗೆ ತೆರೆದ ಹಾಸ್ಟೆಲುಗಳ ಒಂದು ತಟ್ಟೆ ಅನ್ನ ಎಷ್ಟು ಮನೆಗಳ ಹಣೆಬರಹ ಬದಲಿಸಿತೆಂಬುದಕ್ಕೆ ನಮ್ಮ ತಾಲ್ಲೂಕಿನ ಅರ್ಧ ಮೇಷ್ಟ್ರುಗಳು ಸಾಕ್ಷಿ. ತುಮಕೂರಿನ ಸಿದ್ಧಗಂಗೆಗೆ ಒಂದು ಟ್ರಂಕು ಹಿಡಿದು ಹೋದ ನಮ್ಮ ಕಡೆಯ ಹುಡುಗರೂ ಬಹಳ.

ಹಾಗಿರುವಾಗ ಹೋದದ್ದಕ್ಕೆ ಏಕೆ ಮರುಗಬೇಕು ಎಂದು ಕೇಳುವವರಿದ್ದಾರೆ. ಜಾತಿ ಹೋಗಿ ಕರುಣೆ ಉಳಿದಿದ್ದರೆ ನಾನು ಮರುಗುತ್ತಿರಲಿಲ್ಲ. ಆದದ್ದು ಹಾಗಲ್ಲ. ಪಂಕ್ತಿಯ ಗೋಡೆ ಇನ್ನೂ ಪೂರ್ತಿ ಬಿದ್ದಿಲ್ಲ, ಪಕ್ಕದ ಮನೆಯ ಒಲೆ ಹೊತ್ತಿಲ್ಲವೆಂದು ಗಮನಿಸುವ ಕಣ್ಣು ಮಾತ್ರ ಮೊದಲೇ ಹೋಯಿತು.

ಹೇಗೆ ಹೋಯಿತು ಎಂದರೆ ಒಂದು ದಿನದಲ್ಲಿ ಹೋಗಲಿಲ್ಲ. ಮೊದಲು ಕಣ ಹೋಯಿತು. ರೋಣಗಲ್ಲು ಮೂಲೆ ಸೇರಿ, ಡಾಂಬರು ರಸ್ತೆಯ ಮೇಲೆ ರಾಗಿ ಹರಡಿ ಬಸ್ಸು ಲಾರಿಗಳಿಂದ ತುಳಿಸುವ ಕಾಲ ಬಂತು, ಅದರ ಹಿಂದೆಯೇ ಯಂತ್ರ ಬಂತು. ಯಂತ್ರ ಕಾಳನ್ನು ನೇರ ಚೀಲಕ್ಕೆ ಸುರಿಯುತ್ತದೆ, ಬುಡದಲ್ಲಿ ಏನೂ ಬಿಡುವುದಿಲ್ಲ. ಕಡಲೆಕಾಯಿಯ ಜಾಗಕ್ಕೆ ಮುಸುಕಿನ ಜೋಳ ಬಂತು. ಹಕ್ಕಲಿಗೆ ಹೊಲವೇ ಇಲ್ಲ. ತೆರೆದ ಬಾವಿಗಳು ಬತ್ತಿ ಕೊಳವೆ ಬಾವಿಗಳು ಸಾವಿರ ಅಡಿ ಇಳಿದವು, ನೀರು ಬರದ ಪ್ರತಿಯೊಂದು ಕೊಳವೆಯ ಹಿಂದೆ ಒಂದು ಸಾಲ ನಿಂತಿತು. ಮೊದಲು ಸಾಲ ಮಾಡಿದವನ ಕಷ್ಟ ಊರಿಗೆಲ್ಲ ಗೊತ್ತಿರುತ್ತಿತ್ತು, ಏಕೆಂದರೆ ಕೊಟ್ಟವನೂ ಊರಿನವನೇ. ಈಗ ಸಾಲ ಕೊಡುವವರು ಬೈಕಿನಲ್ಲಿ ಬರುತ್ತಾರೆ, ಕಂತು ವಾರಕ್ಕೊಮ್ಮೆ, ತಪ್ಪಿದರೆ ಬಾಗಿಲಲ್ಲಿ ಕೂರುತ್ತಾರೆ. ಮನೆಯ ಯಜಮಾನ ನೇಣು ಹಾಕಿಕೊಂಡಾಗಲೇ ಪಕ್ಕದವರಿಗೆ ಸಾಲದ ಸುದ್ದಿ ತಿಳಿಯುವುದು. 2015ರ ಬರದ ವರ್ಷ ರಾಜ್ಯದಲ್ಲಿ ಹೀಗೆ ಹೋದ ರೈತರ ಕುಟುಂಬಗಳಿಗೆ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿದರು. ಆ ಹಣ ಬೇಕು. ಆದರೆ ಅಪ್ಪನನ್ನು ಹಗ್ಗದಿಂದ ಇಳಿಸುವುದನ್ನು ಕಂಡ ಮಗುವಿನ ಪಕ್ಕದಲ್ಲಿ ರಾತ್ರಿ ಯಾರು ಮಲಗಿದರು? ಯಾವ ಅಜ್ಜಿ ಕಂಬಳಿ ಎತ್ತಿಕೊಂಡು ಬಂದಳು?

ಕುಡುಮಲಕುಂಟೆಗೆ ಕೈಗಾರಿಕಾ ಪ್ರದೇಶ ಬಂದದ್ದು ಊರಿಗೆ ಅನ್ನ ತಂದಿತು, ಅದನ್ನು ಮರೆಮಾಚಲಾರೆ. ಒಣ ಹೊಲವನ್ನೇ ನೋಡುತ್ತಾ ಕೂರುವ ಬದಲು ಹೆಣ್ಣುಮಕ್ಕಳ ಕೈಗೆ ತಿಂಗಳ ಸಂಬಳ ಬಂತು. ಅದೇ ಹೊತ್ತಿಗೆ ಊರಿನ ಹಗಲು ಖಾಲಿಯಾಯಿತು. ಬೆಳಗಿನ ಪಾಳಿಗೆ ಹೋಗುವ ತಾಯಿ ಮಕ್ಕಳು ಏಳುವ ಮುಂಚೆ ಹೊರಟಿರುತ್ತಾಳೆ. ಬಾಡಿಗೆಗೆಂದೇ ಕಟ್ಟಿದ ಶೀಟಿನ ಮನೆಗಳ ಸಾಲು, ಅದಕ್ಕೆ ನಾವು ಲೈನ್ ಮನೆ ಎನ್ನುತ್ತೇವೆ. ಅಲ್ಲಿ ಒಂದು ಬಾಗಿಲು ಬಿಹಾರದವರದು, ಪಕ್ಕದ್ದು ಒಡಿಶಾದವರದು, ಅದರಾಚೆಯದು ರಾಯಚೂರು ಕಡೆಯವರದು. ಒಬ್ಬರ ಪಾಳಿ ಮುಗಿಯುವಾಗ ಇನ್ನೊಬ್ಬರದು ಶುರು. ಪಕ್ಕದ ಮನೆಯ ಮಗುವಿನ ಹೆಸರು ತಿಳಿಯುವ ಮೊದಲೇ ಮನೆ ಖಾಲಿಯಾಗಿರುತ್ತದೆ. ಈ ಜನರನ್ನು ನಾನು ದೂರುವುದಿಲ್ಲ. ನಮ್ಮವರೇ ಬೆಂಗಳೂರಿನ ಪೀಣ್ಯದಲ್ಲಿ ಇದೇ ಥರ ಬದುಕಿದ್ದಾರೆ.

ಸರ್ಕಾರದ ಯೋಜನೆಗಳು ಇಂದು ಹಿಂದೆಂದಿಗಿಂತ ಹೆಚ್ಚು. ಅಕ್ಷರ ದಾಸೋಹದ ಬಿಸಿಯೂಟ ಬಂದು ಇಪ್ಪತ್ತು ವರ್ಷ ದಾಟಿತು, 2013ರಿಂದ ಹಾಲು, ಈಚೆಗೆ ಮೊಟ್ಟೆ. ಒಂದೇ ಸಾಲಿನಲ್ಲಿ ಎಲ್ಲ ಕೇರಿಯ ಮಕ್ಕಳೂ ಕೂತು ಉಣ್ಣುವುದನ್ನು ನೋಡಿದಾಗ, ನಮ್ಮ ಭಜನೆ ಮನೆ ಕೊಡಲಾಗದ್ದನ್ನು ಇದು ಕೊಟ್ಟಿತಲ್ಲ ಎಂದು ನನ್ನ ಕಣ್ಣು ತುಂಬಿದೆ. ಕೋವಿಡ್ಡಿನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಬಾಲ ಸೇವಾ ಯೋಜನೆ ತಿಂಗಳಿಗೆ 3,500 ರೂಪಾಯಿ ಗೊತ್ತುಮಾಡಿತು. ಸಂಕಟದಲ್ಲಿರುವ ಮಗು 1098ಕ್ಕೆ ಫೋನು ಮಾಡಬಹುದು. ಮನಸ್ಸು ನೊಂದವರು ಯಾವ ಹೊತ್ತಿನಲ್ಲಾದರೂ ಮಾತಾಡಲಿ ಎಂದು 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ಕಾಯಿಲೆಗೆ ಹಳ್ಳಿಯ ಮಟ್ಟದಲ್ಲೇ ಆರೈಕೆ ಸಿಗಬೇಕೆಂದು ಇಡೀ ದೇಶಕ್ಕೆ ಮಾದರಿ ಕೊಟ್ಟದ್ದೇ ಕರ್ನಾಟಕ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಕೆಲಸ ಅದು. ಬಾವಿಯ ದಡದಲ್ಲಿ ನಿಂತಿದ್ದ ನನ್ನ ಗೆಳೆಯನಿಗೆ ಇವುಗಳಲ್ಲಿ ಒಂದಾದರೂ ಸಿಕ್ಕಿದ್ದರೆ ಎಷ್ಟು ವರ್ಷಗಳ ನರಳಾಟ ತಪ್ಪುತ್ತಿತ್ತೋ. ಅವನು ಇಂದಿಗೂ ತೆರೆದ ಬಾವಿಯ ಹತ್ತಿರ ಹೋಗುವುದಿಲ್ಲ.

ಆದರೆ ಮಾತು ನಿಂತುಹೋದ ಮಗು ಫೋನು ಮಾಡುವುದಿಲ್ಲ. ಅದರ ಪರವಾಗಿ ಆ ನಂಬರು ಒತ್ತುವವರು ಒಬ್ಬರು ಬೇಕು. ಹಾಗೆ ಒತ್ತಬೇಕೆಂದರೆ ಮೊದಲು ಅವರು ಮಗುವನ್ನು ನೋಡಿರಬೇಕು: ನಿನ್ನೆ ಆಡುತ್ತಿದ್ದದ್ದು ಇಂದು ಗೋಡೆಗೆ ಒರಗಿ ಕೂತಿದೆ, ಊಟದ ತಟ್ಟೆಯಲ್ಲಿ ಬೆರಳು ಆಡಿಸುತ್ತಿದೆ, ಮನೆಗೆ ಹೋಗು ಎಂದರೆ ಹೆದರುತ್ತಿದೆ ಎಂದು. ಅರ್ಜಿಗೆ ಮರಣ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ರೇಷನ್ ಕಾರ್ಡು ಬೇಕು. ಗಂಡ ಸತ್ತ ಹೆಂಗಸು ಇವನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಯಾವ ಕಚೇರಿಯ ಯಾವ ಕಿಟಕಿಗೆ ಹೋಗಬೇಕೆಂದು ತಿಳಿಯದೆ ಮರದ ಕೆಳಗೆ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಯೋಜನೆಗೂ ಆ ಹೆಂಗಸಿಗೂ ನಡುವೆ ಹತ್ತು ಹೆಜ್ಜೆ ದೂರ. ಆ ಹತ್ತು ಹೆಜ್ಜೆಯಲ್ಲಿ ಹಿಂದೆ ಮೇಷ್ಟ್ರು ಇದ್ದರು, ಅಜ್ಜಿ ಇದ್ದಳು, ಭಜನೆಯ ಹಿರಿಯರು ಇದ್ದರು. ಕೋವಿಡ್ಡಿನ ಎರಡನೇ ಅಲೆಯಲ್ಲಿ ಸಾವಾದ ಮನೆಗಳ ಮುಂದೆ ನಾವೆಲ್ಲ ದಾರಿ ಬದಲಿಸಿದೆವು, ರೋಗದ ಹೆದರಿಕೆಗೆ. ರೋಗ ಹೋದ ಮೇಲೂ ಹಳೆಯ ದಾರಿಗೆ ಮರಳಲಿಲ್ಲ ಎನ್ನುವುದು ನನ್ನ ಸಂಕಟ.

ಗೆಳೆಯನ ವಿಷಯಕ್ಕೆ ಬರುತ್ತೇನೆ. ಓದಿ ಕೆಲಸ ಹಿಡಿದು, ಬೆಂಗಳೂರಿನಲ್ಲಿ ನಿವೃತ್ತನಾಗಿ, ಈಚೆಗೆ ಊರಿಗೆ ಬಂದಿದ್ದ. ಟೀ ಅಂಗಡಿಯ ಮುಂದೆ ಕೂತವರನ್ನು ಕೇಳಿದ: "ಊರಲ್ಲಿ ಅಪ್ಪ ಇಲ್ಲದ ಹುಡುಗರೋ ಹುಡುಗೀರೋ ಯಾರಾದ್ರೂ ಓದ್ತಾ ಇದ್ದರೆ ಹೇಳ್ರಪ್ಪ, ನನ್ನ ಕೈಲಾದದ್ದು ಮಾಡ್ತೀನಿ." ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ನೆನಪು ಮಾಡಿಕೊಂಡು ಹೇಳಿದ ಹುಡುಗನಿಗೆ ಮದುವೆಯೇ ಆಗಿತ್ತು. ಇನ್ನೊಬ್ಬರು ಪಂಚಾಯಿತಿಯಲ್ಲಿ ಪಟ್ಟಿ ಇರುತ್ತೆ ಕೇಳಿ ಎಂದರು. ಅವರು ಯಾರೂ ಕೆಟ್ಟವರಲ್ಲ. ಕೊಡು ಎಂದಿದ್ದರೆ ಅಲ್ಲೇ ಜೇಬಿಗೆ ಕೈ ಹಾಕುವಂಥ ಜನ. ಕೊಡುವ ಮನಸ್ಸಿತ್ತು, ಯಾರಿಗೆ ಎನ್ನುವುದು ಗೊತ್ತಿರಲಿಲ್ಲ. ಈ ಊರಿನಲ್ಲಿ ಒಂದು ಕಾಲಕ್ಕೆ ಯಾವ ಹೊಂಗೆ ಮರ ಯಾವ ಮನೆಗೆ ಎಂದು ತೂಗಿ ಹಂಚುತ್ತಿದ್ದರು.

ಗೊತ್ತಿದ್ದದ್ದು ಅಂಗನವಾಡಿ ಮೇಡಂಗೆ. ತಿಂಗಳ ತೂಕ, ಚುಚ್ಚುಮದ್ದು, ಪಡಿ ಹಂಚಿಕೆಯ ನೆಪದಲ್ಲಿ ಮನೆ ಮನೆ ತಿರುಗುವವರು ಅವರು ಮತ್ತು ಆಶಾ ಕಾರ್ಯಕರ್ತೆ ಇಬ್ಬರೇ. ಊರಿನ ಹಳೆಯ ಕಣ್ಣು ಈಗ ಉಳಿದಿರುವುದು ಅವರಲ್ಲಿ. ಇಬ್ಬರದೂ ಗೌರವಧನದ ದುಡಿಮೆ. ಮೇಡಂ ಎರಡು ಮನೆ ಹೇಳಿದರು. ಎರಡೂ ಲೈನ್ ಮನೆಗಳಲ್ಲೇ. ಒಂದರಲ್ಲಿ ಹದಿನಾರು ವರ್ಷದ ಹುಡುಗಿ, ಅಪ್ಪ ಯಂತ್ರಕ್ಕೆ ಸಿಕ್ಕಿ ಹೋದ ಮೇಲೆ ತಮ್ಮನನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಇದ್ದಾಳೆ. ಹತ್ತನೇ ತರಗತಿ ಅರ್ಧಕ್ಕೆ ನಿಂತಿದೆ. ಹುಡುಗಿ ಮೇಡಂ ಹತ್ತಿರ ಮಾತಾಡುವುದು ಕಡಿಮೆ, ಪಡಿ ತೆಗೆದುಕೊಳ್ಳುವಾಗ ತಮ್ಮನ ಹೆಸರು ಹೇಳುತ್ತಾಳೆ, ಅಷ್ಟೇ. ತಾಯಿಗೆ ಕನ್ನಡ ಬರದು.

ಗೆಳೆಯ ಹಣ ತೆಗೆದಿಟ್ಟ. ಮೇಡಂ ಬೇಡವೆಂದರು. "ದುಡ್ಡು ಆಮೇಲೆ ಸಾರ್. ಈಗ ಆ ಹುಡುಗಿಗೆ ಟಿ.ಸಿ. ತರಿಸಬೇಕು, ತಾಯಿ ಜೊತೆ ಬಿ.ಇ.ಒ. ಆಫೀಸಿಗೂ ತಾಲ್ಲೂಕು ಆಫೀಸಿಗೂ ಯಾರಾದ್ರೂ ಹೋಗಬೇಕು. ನನಗೆ ಸೆಂಟರ್ ಬಿಟ್ಟು ಹೋಗೋಕೆ ಆಗಲ್ಲ." ಟೀ ಅಂಗಡಿಯಲ್ಲಿ ಈ ಮಾತು ಬಂದಾಗ ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಒಬ್ಬ ಹೆಣ್ಣುಮಗಳು ತಾನು ಹೋಗುತ್ತೇನೆ ಎಂದಳು. ಅವಳಿಗೆ ಅಲ್ಪಸ್ವಲ್ಪ ಹಿಂದಿ ಬರುತ್ತದೆ. ಸೋಮವಾರ ಪಾಳಿ ಬಿಟ್ಟು ಹೋಗಬೇಕು, ಒಂದು ದಿನದ ಸಂಬಳ ಹೋಗುತ್ತದೆ. ಸಂಬಳವನ್ನು ತಾನು ತುಂಬಿಕೊಡುತ್ತೇನೆಂದು ಗೆಳೆಯ ಹೇಳಿದ್ದಕ್ಕೆ ಅವಳು ಒಪ್ಪಲಿಲ್ಲ. ಬಸ್ಸಿಗೆ ಎಷ್ಟು ಹೊತ್ತಿಗೆ ಬರಬೇಕೆಂದು ಆ ತಾಯಿಗೆ ಹೇಳಿಬರಲು ಲೈನ್ ಮನೆಯ ಕಡೆ ಹೊರಟಳು.